ಹನ್ನೊಂದು ನಿಮಿಷದ ಇಪ್ಪತ್ತೆಂಟು ದಿನ

ನಮ್ಮ ಭಾವನ ಮುಖದಲ್ಲಿ ವಿಶೇಷವೇನೂ ಇಲ್ಲ. ಇದು ಹೊಟ್ಟೆಕಿಚ್ಚಿನ ಮಾತಲ್ಲ. ಅಕ್ಕನ ಮನೆಯ ಮೇಲಿನ ಮಹಡಿಯಲ್ಲೇ ಹತ್ತೊಂಬತ್ತು ವರ್ಷದಿಂದ ಇದ್ದು, ದಿನಾ ಬೆಳಿಗ್ಗೆ ಅವರೆದುರು ಕೂತು ಕಾಫಿ ಕುಡಿದವನ ಅನುಭವದ ಮಾತು. ಕಣ್ಣು, ಮೂಗು, ಬಾಯಿ ಎಲ್ಲ ಇರಬೇಕಾದ ಜಾಗದಲ್ಲಿ ಇರಬೇಕಾದಷ್ಟೇ ಇವೆ. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರೀಡರ್ ಆದ್ದರಿಂದ ಬಿಸಿಲಿಗೆ ಕೆನ್ನೆ ಕಂದಿದೆ, ಹಣೆಯಲ್ಲಿ ಮೂರು ಗೆರೆ ಬಿದ್ದಿವೆ. ತಿಂಗಳಿಗೊಮ್ಮೆ ಸಾವಿರದ ಇನ್ನೂರು ಮನೆಗಳ ಬಾಗಿಲಿಗೆ ಹೋಗುವ ಮುಖ ಅದು. ಆದರೆ ಬಾಗಿಲು ತೆರೆದವರು ಮೀಟರ್ ಇರುವ ಕಡೆ ಕೈ ತೋರಿಸಿದ್ದಾರೆಯೇ ಹೊರತು ಆ ಮುಖವನ್ನು ನಿಂತು ನೋಡಿದವರಿಲ್ಲ.

ಅಂಕಿಯ ವಿಷಯದಲ್ಲಿ ಮಾತ್ರ ಭಾವನನ್ನು ಮೀರಿಸುವವರಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ರೀಡಿಂಗನ್ನೂ ತಪ್ಪು ಬರೆದವರಲ್ಲ. ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಪಕ್ಕದ ಮನೆಯವರೂ ಅವರನ್ನೇ ಕೇಳಿ ಒಲೆ ಆರಿಸುತ್ತಾರೆ.

ಇಂಥ ಮನುಷ್ಯ ಒಂದು ದಿನ ಕಚೇರಿಯ ಹೊಸ ಗುರುತಿನ ಚೀಟಿಗೆ ಫೋಟೋ ತೆಗೆಸಲು ಸ್ಟುಡಿಯೋಗೆ ಹೋದರು. ಅರ್ಧ ಗಂಟೆಯಲ್ಲಿ ಬರುತ್ತೇನೆಂದವರು ಎರಡು ಗಂಟೆ ಬಿಟ್ಟು ಬಂದರು. ಬಂದವರು ಕುರ್ಚಿಯಲ್ಲಿ ಕೂರದೆ, ಕಿಟಕಿಯ ಪಕ್ಕ ಓರೆಯಾಗಿ ನಿಂತರು.

"ಏನ್ರೀ, ಕತ್ತು ಉಳುಕಿತಾ?" ಅಂದಳು ಅಕ್ಕ.

"ಇಲ್ಲ. ಈ ಕಡೆಯಿಂದ ನೋಡಿದ್ರೆ ನನ್ನ ಮುಖ ಬಹಳ ಅಪರೂಪವಂತೆ."

ಅಕ್ಕ ಆ ಕಡೆಯಿಂದಲೂ ನೋಡಿದಳು, ಈ ಕಡೆಯಿಂದಲೂ ನೋಡಿದಳು. "ಯಾರು ಹಾಗಂದಿದ್ದು?"

ಆದದ್ದಿಷ್ಟು. ಸ್ಟುಡಿಯೋದಲ್ಲಿ ಮುತ್ತಿನ ಕ್ರೀಮ್ ತಯಾರಿಸುವ ಕಂಪನಿಯೊಂದರವರು ದೀಪ, ಛತ್ರಿ, ಪರದೆ ಎಲ್ಲ ಹರಡಿಕೊಂಡು ಕೂತಿದ್ದರು. ಬರಬೇಕಾಗಿದ್ದ ಮಾಡೆಲ್ ಬಂದಿರಲಿಲ್ಲ. ಟೈ ಕಟ್ಟಿದ್ದ ಕಂಪನಿಯ ಮನುಷ್ಯ ಗಡಿಯಾರ ನೋಡಿ, ಬಾಗಿಲು ನೋಡಿ, ಕೊನೆಗೆ ಬೇರೇನೂ ಇಲ್ಲದೆ ನಮ್ಮ ಭಾವನನ್ನು ನೋಡಿದ. "ಸರ್, ಈ ಮುಖ ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ದಿನ?" ಎಂದ. ಇಪ್ಪತ್ತೆರಡು ವರ್ಷ ಜನರ ಹಿತ್ತಿಲಿನಲ್ಲಿ ಬಗ್ಗಿ ನೀರಿನ ಗುಂಡಿಯೊಳಗೆ ಇಣುಕಿದವರಿಗೆ ಇಂಥ ಪ್ರಶ್ನೆ ಹಿಂದೆಂದೂ ಬಂದಿರಲಿಲ್ಲ. ಭಾವ ಕರಗಿಹೋದರು. ಕಂಪನಿಯವರು ಒಂದು ಕಾಗದ ಮುಂದಿಟ್ಟರು, ಭಾವ ಸಹಿ ಹಾಕಿದರು. ಅದರಲ್ಲಿ ಏನಿತ್ತೆಂದು ನಾನು ಕೇಳಿದ್ದಕ್ಕೆ, "ಅಂಕಿ ಒಂದೂ ಇರ್ಲಿಲ್ಲ, ಬರೀ ಅಕ್ಷರ" ಅಂದರು, ಅಕ್ಷರಗಳಿಂದ ಯಾರಿಗೂ ಅಪಾಯವಿಲ್ಲ ಎಂಬಂತೆ.

ಅಂದಿನಿಂದ ಭಾವ ಮಾಡೆಲ್ ಆದರು. ಮೀಟರ್ ಓದುವಾಗಲೂ ಗಲ್ಲದ ಕೆಳಗೆ ಎರಡು ಬೆರಳಿಟ್ಟುಕೊಂಡೇ ಓದತೊಡಗಿದರು. ಮನೆ ಮನೆಗೂ ಹೇಳಿದರು, "ದೊಡ್ಡ ಅಂಗಡಿಯಲ್ಲಿ ನನ್ನ ಪೋಸ್ಟರ್ ಬರುತ್ತೆ, ನೋಡಿ." ಅಡುಗೆಮನೆಯ ಹೊಗೆ ಮುಖಕ್ಕೆ ಒಳ್ಳೆಯದಲ್ಲವೆಂದು ಪಾತ್ರೆ ತೊಳೆಯುವುದನ್ನೂ ನಿಲ್ಲಿಸಿದರು. ಪಾತ್ರೆ ತೊಳೆಯುವುದಕ್ಕೂ ಹೊಗೆಗೂ ಏನು ಸಂಬಂಧವೆಂದು ಅಕ್ಕ ಕೇಳಿದಾಗ, ಮಾಡೆಲ್‌ಗಳು ಅದಕ್ಕೆಲ್ಲ ಉತ್ತರ ಕೊಡುವುದಿಲ್ಲ ಅಂದರು.

ಐದು ವಾರ ಕಳೆದ ಮೇಲೆ ಪೋಸ್ಟರ್ ಬಂತು. ಬಸ್ ನಿಲ್ದಾಣದ ಎದುರಿನ ಫ್ಯಾನ್ಸಿ ಸ್ಟೋರ್‌ನಲ್ಲಿ, ಬಾಗಿಲು ದಾಟಿದ ಕೂಡಲೇ ಎದುರಾಗುವ ಗೋಡೆಯ ಮೇಲೆ, ಆಳೆತ್ತರ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಕ್ಕ ಒಳ್ಳೆಯ ಸೀರೆ ಉಟ್ಟು, ಸಾಕ್ಷಿಗೆ ನನ್ನನ್ನೂ ಕರೆದುಕೊಂಡು ಮೆರವಣಿಗೆಯಂತೆ ಹೋದೆವು.

ಪೋಸ್ಟರಿನ ಮುಂದೆ ಮೂವರೂ ನಿಂತೆವು.

ಪೋಸ್ಟರಿನಲ್ಲಿ ಎರಡು ಮುಖಗಳಿದ್ದವು. ಎಡಗಡೆಯದು ಯಾವುದೋ ದೊಡ್ಡ ಕಾಯಿಲೆಯಿಂದ ಎದ್ದು, ಮನೆಗೆ ಹೋಗುವ ದಾರಿಯಲ್ಲಿ ಇನ್ನೊಂದು ಕಾಯಿಲೆ ಹಚ್ಚಿಕೊಂಡವನ ಮುಖ. ಕಣ್ಣಿನ ಕೆಳಗೆ ಗುಂಡಿ, ಕೆನ್ನೆಯಲ್ಲಿ ಗುಂಡಿ, ಹಣೆಯ ಮೇಲೆ ಉಳುಮೆ. ಅದರ ಕೆಳಗೆ "ಮೊದಲನೇ ದಿನ" ಎಂದಿತ್ತು. ಬಲಗಡೆಯದು ಆಗತಾನೇ ಪಾಲಿಶ್ ಮಾಡಿದ ಮೇಜಿನಂತೆ ಫಳಫಳ ಹೊಳೆಯುವ, ಹಲ್ಲು ಬಿಟ್ಟು ನಗುವ ಮುಖ. ಅದರ ಕೆಳಗೆ "ಇಪ್ಪತ್ತೆಂಟನೇ ದಿನ". ಅದಕ್ಕೂ ಕೆಳಗೆ, "ಅಸಲಿ ಮುತ್ತಿನ ಪುಡಿಯುಳ್ಳದ್ದು. ಚರ್ಮವೈದ್ಯರಿಂದ ಪರೀಕ್ಷಿತ. ನೂರಕ್ಕೆ ತೊಂಬತ್ತೆರಡು ಮಂದಿ ಒಪ್ಪಿದ್ದಾರೆ."

ಮೊದಲು ಬಾಯಿ ಬಿಟ್ಟವಳು ಅಕ್ಕ. "ರೀ, ಎಡಗಡೆ ಇರೋರು ಯಾರು? ಪಾಪ, ಯಾರಿಗಾದ್ರೂ ತೋರಿಸಬಾರದಾ?"

"ನಾನೇ" ಅಂದರು ಭಾವ.

"ಹಾಗಾದ್ರೆ ಬಲಗಡೆ?"

"ಅದೂ ನಾನೇ."

"ನೀವು ಯಾವಾಗ ಇಪ್ಪತ್ತೆಂಟು ದಿನ ಕ್ರೀಮ್ ಹಚ್ಚಿದ್ರಿ?"

"ಇಪ್ಪತ್ತೆಂಟು ದಿನ ಅಲ್ಲ ಕಣೇ, ಹನ್ನೊಂದು ನಿಮಿಷ! ಸ್ಟುಡಿಯೋ ಗಡಿಯಾರ ಎದುರಿಗೇ ಇತ್ತು. ಮೊದಲನೇ ಫೋಟೋಗೆ ನಾಲ್ಕು ಹತ್ತು. ಎರಡನೇದಕ್ಕೆ ನಾಲ್ಕು ಇಪ್ಪತ್ತೊಂದು."

"ಹನ್ನೊಂದು ನಿಮಿಷದಲ್ಲಿ ಇಷ್ಟು ಚೆನ್ನಾಗಿಬಿಟ್ರಾ?" ಅಂದೆ ನಾನು.

ಭಾವ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ಆಗ ಕಂಡ ಗಾಬರಿಯನ್ನು ನಾನು ಮರೆಯಲಾರೆ. "ಇಲ್ಲ ಕಣೋ. ಬಲಗಡೆಯದನ್ನೇ ಮೊದಲು ತೆಗೆದದ್ದು. ಪೌಡರ್ ಹಾಕಿ, ಎದುರಿಗೆ ದೀಪ ಇಟ್ಟು, ನಗಿ ಅಂದ್ರು, ನಕ್ಕೆ. ಆಮೇಲೆ ಒರಟು ಟವೆಲ್‌ನಲ್ಲಿ ಮುಖ ಉಜ್ಜಿ, ದೀಪ ತಲೆ ಮೇಲೆ ತಂದು, ನಿಮ್ಮ ಸಾಹೇಬ್ರನ್ನ ನೆನಪಿಸಿಕೊಳ್ಳಿ ಅಂದ್ರು. ನೆನಪಿಸಿಕೊಂಡೆ. ಕ್ರೀಮನ್ನ ನಾನು ಮುಟ್ಟಿಯೂ ಇಲ್ಲ!"

ಅಷ್ಟರಲ್ಲಿ ಅಂಗಡಿಯಲ್ಲಿದ್ದ ಹೆಂಗಸರು ನಾಲ್ಕು ಜನ ಪೋಸ್ಟರ್ ನೋಡಿ, ಭಾವನನ್ನು ನೋಡಿ, ಮತ್ತೆ ಪೋಸ್ಟರ್ ನೋಡಿದರು. ಒಬ್ಬಾಕೆ ಮುಂದೆ ಬಂದು ಮೆಲ್ಲಗೆ ಕೇಳಿದಳು. "ಸರ್, ಇದು ನೀವೇ ಅಲ್ವಾ?"

"ಹೌದು, ಆದರೆ..."

"ಅಯ್ಯೋ! ಹಚ್ಚೋದು ಬಿಟ್ಟುಬಿಟ್ರಾ?"

ನಾಲ್ಕೂ ಹೆಂಗಸರು ಲೊಚಗುಟ್ಟಿದರು. ಬಿಟ್ಟರೆ ಮನುಷ್ಯ ಎಷ್ಟು ಬೇಗ ಇಳಿದುಹೋಗುತ್ತಾನೆ ಎಂಬುದಕ್ಕೆ ಸಾಕ್ಷಿ ಕಣ್ಣೆದುರೇ ನಿಂತಿತ್ತು. ನಾಲ್ವರೂ ಎರಡೆರಡು ಟ್ಯೂಬ್ ತೆಗೆದುಕೊಂಡರು, ಮಧ್ಯೆ ಮುಗಿದು ಬಿಟ್ಟುಹೋಗಬಾರದಲ್ಲ! ಅಂಗಡಿಯ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಭಾವನಿಗೆ ಕುರ್ಚಿ ಹಾಕಿದರು. "ಬಿಡುವಾದಾಗೆಲ್ಲ ಬಂದು ಇಲ್ಲೇ ಕೂತ್ಕೊಳ್ಳಿ ಸರ್. ಏನೂ ಮಾತಾಡಬೇಡಿ. ಸುಮ್ನೆ ಹೀಗೇ ಇರಿ ಸಾಕು."

ಮರುದಿನದಿಂದ ಭಾವನ ಕೆಲಸ ಕಷ್ಟವಾಯಿತು. ಬಾಗಿಲು ತೆರೆದವರೆಲ್ಲ ಈಗ ಮುಖ ನೋಡತೊಡಗಿದರು.

"ಛೆ ಛೆ, ಎಷ್ಟು ಚೆನ್ನಾಗಿದ್ರಿ!" ಎಂದರು ಒಬ್ಬ ಅಜ್ಜಿ. "ಮನೇಲಿ ಏನಾದ್ರೂ ತೊಂದರೆನಾ?" ಎಂದರು ಒಬ್ಬ ಮೇಷ್ಟ್ರು. ಭಾವ ಪ್ರತಿ ಬಾಗಿಲಿನಲ್ಲೂ ಹನ್ನೊಂದು ನಿಮಿಷದ ಕಥೆಯನ್ನು ಮೊದಲಿಂದ ಹೇಳಿದರು. ಜನ ತಾಳ್ಮೆಯಿಂದ ಕೇಳಿದರು. ಕೇಳಿ, ಒಳಗೆ ಹೋಗಿ ತಮ್ಮವರಿಗೆ ಹೇಳಿದ್ದು ಒಂದೇ, "ಪಾಪ, ಒಪ್ಪಿಕೊಳ್ಳೋಕೆ ನಾಚಿಕೆ." ಹೆಂಡತಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬ ಮಾತು ಅಕ್ಕನ ಕಿವಿಗೂ ಬಿತ್ತು. ಅಕ್ಕ ಅಂದು ಸಂಜೆ ಚೀಲ ಹಿಡಿದು ಒಬ್ಬಳೇ ಬಸ್ ನಿಲ್ದಾಣದ ಕಡೆ ಹೋಗಿ ಬಂದಳು.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ನಾಲ್ಕನೇ ಬೀದಿಯ ನಿವೃತ್ತ ಗುಮಾಸ್ತರೊಬ್ಬರು ಇದನ್ನು ಆಳವಾಗಿ ಯೋಚಿಸಿದರು. ಕ್ರೀಮು ಮುಖವನ್ನು ಒಳ್ಳೆಯದು ಮಾಡಿತು, ಅದು ಪೋಸ್ಟರಿನಲ್ಲೇ ಇದೆ. ಆಮೇಲೆ ಮುಖ ಹಾಳಾಯಿತು, ಅದು ಬಾಗಿಲಲ್ಲೇ ನಿಂತಿದೆ. ಹಾಗಾದರೆ ಹಾಳು ಮಾಡಿದ್ದು ಏನು? ಈ ಮನುಷ್ಯ ದಿನವಿಡೀ ಯಾವುದರ ಹತ್ತಿರ ಇರುತ್ತಾನೆ? ನೀರಿನ ಹತ್ತಿರ! ಗುಮಾಸ್ತರು ಕೂಡಲೇ ನೀರು ಸರಬರಾಜು ಕಚೇರಿಗೆ ಮೂರು ಪುಟದ ದೂರು ಬರೆದರು. ಅದರ ನಕಲು ಮಾಡಿ ಬೀದಿಯಲ್ಲಿ ಹಂಚಿದರು. ವಾರದಲ್ಲಿ ಕಚೇರಿಗೆ ಅರವತ್ತೇಳು ದೂರು ಬಂದವು. ನಿಮ್ಮ ನೀರು ಮೀಟರ್ ರೀಡರನ್ನೇ ಹೀಗೆ ಮಾಡಿದ್ದರೆ ನಮ್ಮ ಗತಿಯೇನು?

ಸಾಹೇಬರು ಭಾವನನ್ನು ಕರೆಸಿದರು. ಮೇಜಿನ ಮೇಲೆ ಒಂದು ಕಡೆ ದೂರುಗಳ ಕಟ್ಟು, ಇನ್ನೊಂದು ಕಡೆ ಮೊಬೈಲಿನಲ್ಲಿ ತೆಗೆದ ಪೋಸ್ಟರಿನ ಫೋಟೋ.

"ಏನ್ರೀ ಇದು? ಇಲಾಖೆಯ ಮಾನ ಕಳೀತಿದ್ದೀರಲ್ಲ!"

"ಸಾರ್, ಎರಡೂ ಫೋಟೋ ಒಂದೇ ದಿನ ತೆಗೆದದ್ದು. ಹನ್ನೊಂದು..."

"ಅದೆಲ್ಲ ನನಗೆ ಬೇಡ. ಈ ಬಲಗಡೆಯ ಮುಖ ನಿಮ್ಮದು ಹೌದೋ ಅಲ್ಲವೋ?"

"ಹೌದು ಸಾರ್."

"ಮತ್ತೆ ಅದನ್ನ ಡ್ಯೂಟಿಗೆ ತರೋಕೇನು ಧಾಡಿ?"

ಮರುದಿನ ಭಾವನ ಕೈಗೆ ಅಧಿಕೃತ ಸೂಚನೆಯೇ ಬಂತು. ಸಾರ್ವಜನಿಕರಲ್ಲಿ ನೀರಿನ ಬಗ್ಗೆ ತಪ್ಪು ಅಭಿಪ್ರಾಯ ಮೂಡದಂತೆ, ಸದರಿ ನೌಕರರು ಕರ್ತವ್ಯದ ವೇಳೆಯಲ್ಲಿ ಬಲಭಾಗದ ಚಿತ್ರದಲ್ಲಿರುವ ಮುಖವನ್ನೇ ಹೊಂದಿರತಕ್ಕದ್ದು. ಭಾವ ಅದನ್ನು ಮೂರು ಸಲ ಓದಿ, ನೀರು ಕುಡಿದು, ನಾಲ್ಕನೇ ಸಲ ಓದಿದರು.

"ಅಷ್ಟು ರಾದ್ಧಾಂತ ಯಾಕೆ ಭಾವ," ಅಂದೆ ನಾನು, "ಸ್ವಲ್ಪ ದಿನ ಕ್ರೀಮ್ ಹಚ್ಚಿಬಿಡಿ. ಯಾರಿಗೆ ಗೊತ್ತು, ನಿಜಕ್ಕೂ..."

"ನಿನಗೂ ನಂಬಿಕೆ ಇಲ್ವೇನೋ?" ಎಂದು ಭಾವ ಕೂಗಿದ ಕೂಗಿಗೆ ಕೆಳಮನೆಯ ಹೊಲಿಗೆ ಯಂತ್ರ ನಿಂತಿತು. "ನನ್ನ ಮುಖದ ಕೆಳಗೆ ಇಪ್ಪತ್ತೆಂಟು ಅಂತ ತಪ್ಪು ಅಂಕಿ ಬರೆದಿದ್ದಾರೆ. ಅದನ್ನ ನಿಜ ಮಾಡೋಕೆ ನಾನು ಹಚ್ಚಬೇಕಾ? ಈ ಜನ್ಮದಲ್ಲಿ ಹಚ್ಚಲ್ಲ!"

ನನ್ನ ಕಪಾಟಿನಲ್ಲಿ ಆಗಲೇ ಎರಡು ಟ್ಯೂಬ್ ಇದ್ದದ್ದನ್ನು ಹೇಳಲು ಅದು ಸಮಯವಲ್ಲ ಅನ್ನಿಸಿತು.

ಕೆಳಮನೆಯ ಹೊಲಿಗೆ ಯಂತ್ರ ಟೈಲರಮ್ಮನದು. ನಮ್ಮ ಕಟ್ಟಡದ ಅರ್ಧ ಜನರ ರವಿಕೆ, ಇನ್ನರ್ಧ ಜನರ ಪರದೆ ಹೊಲಿದವರು. ಗಂಡ ಇಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಆ ಯಂತ್ರ ತುಳಿದೇ ಓದಿಸಿದ್ದಾರೆ. ಎರಡನೇ ಹೆರಿಗೆಯಾದ ಮೇಲೆ ಅವರ ಕೆನ್ನೆಗಳ ಮೇಲೆ ಕಂದು ಕಲೆಗಳ ಬಂಗು ಬಂದಿತ್ತು. ಅವರು ಅದನ್ನು ಮರೆತೇಬಿಟ್ಟಿದ್ದರು. ಆದರೆ ಈಗ ಹೊಲಿಗೆ ತರಬೇತಿ ಕೇಂದ್ರದಲ್ಲಿ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಿ, ಸೋಮವಾರ ಸಂದರ್ಶನಕ್ಕೆ ಬರಬೇಕೆಂದು ಕರೆ ಬಂದಿತ್ತು.

ಆ ಸೋಮವಾರಕ್ಕೆ ಮುಂಚಿನ ಶುಕ್ರವಾರ ಬೆಳಿಗ್ಗೆ ಟೈಲರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅಕ್ಕನ ಮನೆಯ ಬಾಗಿಲಿಗೆ ಬಂದರು. ನಾನು ಕಾಫಿ ಕುಡಿಯುತ್ತಿದ್ದೆ.

"ಅಣ್ಣ ಇದ್ದಾರಾ? ಅವರನ್ನ ಒಂದು ಮಾತು ಕೇಳಬೇಕಿತ್ತು." ಭಾವ ಹೊರಗೆ ಬಂದರು. "ಅಣ್ಣ, ನಿಮಗೂ ಮೊದಮೊದಲು ಹೀಗೇ ಆಗಿತ್ತಾ?" ಎಂದು ಅವರು ಸೆರಗು ಸರಿಸಿದರು.

ನನ್ನ ಕೈಯಲ್ಲಿದ್ದ ಲೋಟ ಓರೆಯಾಗಿ ಕಾಫಿ ಮಡಿಲಿಗೆ ಸುರಿಯಿತು. ಸುಟ್ಟದ್ದು ಆಮೇಲೆ ಗೊತ್ತಾಯಿತು. ಎರಡೂ ಕೆನ್ನೆ ಕೆಂಪಗೆ ಊದಿ, ಕಣ್ಣು ಸಣ್ಣಗಾಗಿ, ಚರ್ಮದ ಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದಿದ್ದವು.

"ಏನು ಹಚ್ಚಿದ್ರಿ?" ಅಂದರು ಭಾವ.

"ಅದೇ, ನಿಮ್ಮದೇ ಮುತ್ತಿನ ಕ್ರೀಮು. ಉರೀತಿತ್ತು, ಆದ್ರೆ ಕೆಲಸ ಮಾಡ್ತಿದೆ ಅಂದುಕೊಂಡೆ. ನಾನು ಇಂಥದ್ದೆಲ್ಲ ತಗೊಳ್ಳೋಳಲ್ಲ ಅಣ್ಣ. ನಿಮ್ಮ ಮುಖ ನೋಡಿ ತಗೊಂಡೆ. ನೀವು ಮೀಟರ್‌ನಲ್ಲಿ ಒಂದು ಅಂಕಿ ಆಚೆ ಈಚೆ ಬರೆದವರಲ್ಲ. ಇಪ್ಪತ್ತೆಂಟು ದಿನ ಅಂದ್ರೆ ಇಪ್ಪತ್ತೆಂಟೇ ದಿನ ಇರುತ್ತೆ ಅಂತ..."

ಭಾವ ಗೋಡೆ ಹಿಡಿದುಕೊಂಡರು. ಸಾಹೇಬರ ಸೂಚನೆ ಬಂದಾಗಲೂ ಅವರು ಗೋಡೆ ಹಿಡಿದಿರಲಿಲ್ಲ. ಒಂದು ಕ್ಷಣ ಬಿಟ್ಟು ಚಪ್ಪಲಿ ಮೆಟ್ಟಿದರು. "ನಡೀರಿ, ಡಾಕ್ಟರ್ ಹತ್ರ. ನೀನೂ ಏಳೋ." ಅಂದು ಅವರು ಕಚೇರಿಗೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಹೇಳದೆ ಕೇಳದೆ ಹಾಕಿದ ಮೊದಲ ರಜೆ.

ಚರ್ಮದ ಡಾಕ್ಟರು ಐವತ್ತರ ಆಸುಪಾಸಿನ, ಕನ್ನಡಕ ಹಾಕಿದ ಹೆಂಗಸು. ಟೈಲರಮ್ಮನ ಮುಖವನ್ನು ಭೂತಗನ್ನಡಿ ಹಿಡಿದು ನೋಡಿದರು. "ಏನೂ ಹಚ್ಚಬೇಡಿ. ತಣ್ಣೀರಲ್ಲಿ ತೊಳೀರಿ, ಈ ಮುಲಾಮು ಒಂದೇ ಸಾಕು. ಎರಡು ವಾರದಲ್ಲಿ ಇಳಿಯುತ್ತೆ. ಇನ್ಮೇಲೆ ಹೊಸದು ಏನೇ ತಗೊಂಡ್ರೂ ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಬೇಕಮ್ಮ. ಮುಖದ ಮೇಲೇ ಯಾಕೆ ಪ್ರಯೋಗ? ಎಲ್ಲಿ, ಟ್ಯೂಬ್ ತಂದಿದ್ದೀರಾ?"

ಟೈಲರಮ್ಮ ಟ್ಯೂಬ್ ಕೊಟ್ಟರು. ಡಾಕ್ಟರು ಅದನ್ನು ನೋಡಿದ್ದೇ ತಡ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಮಾರ್ತಿದ್ದಾರಾ?"

"ಹೌದು ಡಾಕ್ಟ್ರೇ," ಅಂದರು ಭಾವ, "ಚರ್ಮವೈದ್ಯರಿಂದ ಪರೀಕ್ಷಿತ ಅಂತ ಬೇರೆ ಬರೆದಿದ್ದಾರೆ."

"ಪರೀಕ್ಷೆ ಮಾಡಿದ್ದು ನಾನೇ."

ನಾವು ಮೂವರೂ ಕುರ್ಚಿಯಲ್ಲಿ ಹಿಂದಕ್ಕೆ ಸರಿದೆವು.

"ಹದಿಮೂರು ಜನಕ್ಕೆ ಹಚ್ಚಿ ನೋಡಿದೆ. ನಾಲ್ಕು ಜನಕ್ಕೆ ಹೀಗೇ ಕೆಂಪಾಯ್ತು. ಇದನ್ನ ಹೀಗೇ ಮಾರಬೇಡಿ, ಸುಗಂಧ ಕಡಿಮೆ ಮಾಡಿ ಅಂತ ಬರೆದುಕೊಟ್ಟೆ. ಅವರು ಪರೀಕ್ಷಿತ ಅಂತಷ್ಟೇ ಹಾಕಿಕೊಂಡಿದ್ದಾರೆ. ಸುಳ್ಳೇನಲ್ಲ. ಪರೀಕ್ಷೆಯಂತೂ ಆಗಿದೆ. ಪಾಸೋ ಫೇಲೋ ಅಂತ ಯಾರೂ ಕೇಳಲ್ವಲ್ಲ!"

"ಆದರೆ ನೂರಕ್ಕೆ ತೊಂಬತ್ತೆರಡು ಜನ ಒಪ್ಪಿದ್ದಾರೆ ಅಂತ..." ಅಂದೆ ನಾನು. ನನ್ನ ಎರಡು ಟ್ಯೂಬ್‌ಗಳ ಭವಿಷ್ಯ ಆ ಅಂಕಿಯ ಮೇಲೆ ನಿಂತಿತ್ತು.

ಭಾವ ಕಣ್ಣು ಮುಚ್ಚಿ ಲೆಕ್ಕ ಹಾಕಿದರು. "ಹದಿಮೂರರಲ್ಲಿ ಹನ್ನೆರಡು. ಸರಿಯಾಗಿ ತೊಂಬತ್ತೆರಡು ಚಿಲ್ಲರೆ. ಡಾಕ್ಟ್ರೇ, ಆ ಹನ್ನೆರಡು ಜನ ಒಪ್ಪಿದ್ದು ಯಾವುದಕ್ಕೆ?"

"ಪರಿಮಳ ಚೆನ್ನಾಗಿದೆ ಅನ್ನೋದಕ್ಕೆ."

"ಒಪ್ಪದೇ ಇದ್ದೋರು?"

"ಅವರಿಗೆ ನೆಗಡಿ ಆಗಿತ್ತು."

ಡಾಕ್ಟರು ಟ್ಯೂಬಿನ ಹಿಂದೆ ಇರುವೆ ಸಾಲಿನಂತಿದ್ದ ಅಕ್ಷರಗಳ ಮೇಲೆ ಭೂತಗನ್ನಡಿ ಹಿಡಿದರು. ಯಾವುದು ಹೆಚ್ಚಿದೆಯೋ ಅದು ಮೊದಲು, ಕಡಿಮೆ ಇರುವುದು ಕೊನೆಗೆ. ಮೊದಲನೆಯದು ನೀರು.

"ನೀರಾ?" ಭಾವ ಬೆಚ್ಚಿಬಿದ್ದರು.

"ಮುಕ್ಕಾಲು ಪಾಲು ನೀರೇ. ಆಮೇಲೆ ಎಣ್ಣೆ, ಮೇಣ. ಸುಗಂಧ ಅಂತ ಒಂದೇ ಪದ ಇದೆ ನೋಡಿ, ಅದರೊಳಗೆ ಐವತ್ತು ಸಾಮಾನಿದ್ರೂ ಇರಬಹುದು. ಮುತ್ತಿನ ಪುಡಿ ಇಲ್ಲಿ, ಬಣ್ಣಕ್ಕಿಂತಲೂ ಆಚೆ, ಎಲ್ಲಕ್ಕಿಂತ ಕೊನೆಗೆ. ಇಡೀ ತೊಟ್ಟಿಗೆ ಒಂದು ಚಿಟಿಕೆ ಹಾಕಿದ್ರೆ ಹೆಚ್ಚು. ಕಂಪನಿಗೆ ಮೂರು ಪತ್ರ ಬರೆದೆ. ಒಂದೊಂದಕ್ಕೂ ಉತ್ತರ ಅಂತ ಒಂದೊಂದು ಉಡುಗೊರೆ ಪೆಟ್ಟಿಗೆ ಬಂತು. ಒಳಗೆ ಇದೇ ಕ್ರೀಮು!"

ವಾಪಸ್ ಬರುವಾಗ ಬಸ್ಸಿನಲ್ಲಿ ಭಾವ ತಮ್ಮಷ್ಟಕ್ಕೆ ಅಂದರು, "ಇಪ್ಪತ್ತೆರಡು ವರ್ಷ ನೀರು ಅಳೆದಿದ್ದೀನಿ. ಇಷ್ಟು ದುಬಾರಿ ನೀರು ನೋಡಿಲ್ಲ."

ಮರುದಿನ ಶನಿವಾರ ಮಧ್ಯಾಹ್ನ ಫ್ಯಾನ್ಸಿ ಸ್ಟೋರ್‌ನಲ್ಲಿ ಕಂಪನಿಯವರ ವಿಶೇಷ ಮಾರಾಟವಿತ್ತು. ಪೋಸ್ಟರಿನ ಮುಂದೆ ಮೇಜು, ಮೇಜಿನ ಮೇಲೆ ಟ್ಯೂಬ್‌ಗಳ ಗೋಪುರ, ಪಕ್ಕದಲ್ಲಿ ಮೈಕು ಹಿಡಿದ ಅದೇ ಟೈ ಮನುಷ್ಯ. ಜನ ಕಿಕ್ಕಿರಿದಿದ್ದರು. ಭಾವ ನೇರವಾಗಿ ನುಗ್ಗಿ ಪೋಸ್ಟರಿನ ಪಕ್ಕ ನಿಂತರು. ಅವರ ಹಿಂದೆ ನಾನು. ನನ್ನ ಹಿಂದೆ ಸೆರಗು ಹೊದ್ದ ಟೈಲರಮ್ಮ.

"ಇದು ಸುಳ್ಳು!" ಭಾವ ಕೂಗಿದರು. "ನಾನು ಈ ಕ್ರೀಮ್ ಒಂದು ದಿನವೂ ಹಚ್ಚಿಲ್ಲ!"

ಯಜಮಾನರ ಮುಖ ಹುಳ್ಳಗಾಯಿತು. ಟೈ ಮನುಷ್ಯ ಮಾತ್ರ ರೆಪ್ಪೆ ಕೂಡ ಅಲುಗಿಸಲಿಲ್ಲ. ಭಾವನ ಹೆಗಲ ಮೇಲೆ ಕೈ ಹಾಕಿ ಮೈಕು ಬಾಯಿಗೆ ಹಿಡಿದ.

"ಕೇಳಿಸಿಕೊಂಡ್ರಾ? ಹಚ್ಚುತ್ತಿಲ್ಲ ಅಂತ ಅವರೇ ಒಪ್ಪಿಕೊಂಡ್ರು! ಹಚ್ಚದಿದ್ರೆ ಏನಾಗುತ್ತೆ ಅಂತ ನೀವೇ ಕಣ್ಣಾರೆ ನೋಡಿ! ಇಷ್ಟು ಧೈರ್ಯವಾಗಿ ಮುಂದೆ ಬಂದು ಮುಖ ತೋರಿಸಿದ್ದಕ್ಕೆ ಸಾರ್‌ಗೆ ಒಂದು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಗೋಪುರದಿಂದ ಇಪ್ಪತ್ತು ಟ್ಯೂಬ್ ಒಂದೇ ಉಸಿರಿಗೆ ಖಾಲಿಯಾದವು. ನಿಜ ಹೇಳಿ ಸುಳ್ಳಿನ ವ್ಯಾಪಾರ ಹೆಚ್ಚಿಸಿದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಭಾವ ಮಾಡಿದ್ದನ್ನು ಅವರಿಂದ ಯಾರೂ ನಿರೀಕ್ಷಿಸಿರಲಿಲ್ಲ. ಸೊಂಟದಲ್ಲಿ ಅವರ ಟಾರ್ಚ್ ಇತ್ತು. ಗುಂಡಿಯೊಳಗಿನ ಮೀಟರ್ ನೋಡಲು ಕಚೇರಿ ಕೊಟ್ಟದ್ದು. ಅದನ್ನು ತೆಗೆದು ತಮ್ಮ ತಲೆಯ ಮೇಲೆ ಎತ್ತಿ ಹಿಡಿದು, ಕೆಳಮುಖವಾಗಿ ಬೆಳಕು ಬಿಟ್ಟರು.

ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು. ಪೋಸ್ಟರಿನ ಎಡಗಡೆಯ ಮುಖ ಗೋಡೆಯಿಂದ ಇಳಿದು ಬಂದು ಎದುರು ನಿಂತಿತ್ತು. ಅದೇ ಗುಂಡಿ, ಅದೇ ಉಳುಮೆ.

"ಇದು ಮೊದಲನೇ ದಿನ" ಅಂದರು ಭಾವ. ಎರಡು ಹೆಜ್ಜೆ ಸರಿದು, ಮಾರಾಟಕ್ಕಿಟ್ಟಿದ್ದ, ಸುತ್ತಲೂ ದೀಪವಿರುವ ದೊಡ್ಡ ಮೇಕಪ್ ಕನ್ನಡಿಯೊಂದರ ಸ್ವಿಚ್ ಒತ್ತಿ, ಅದರ ಮುಂದೆ ಮುಖವೊಡ್ಡಿ ಹಲ್ಲು ಬಿಟ್ಟರು. ಗುಂಡಿಗಳು ಮಾಯವಾದವು. ಕೆನ್ನೆ ಹೊಳೆಯಿತು. "ಇದು ಇಪ್ಪತ್ತೆಂಟನೇ ದಿನ. ಯಾರಾದ್ರೂ ಗಡಿಯಾರ ನೋಡಿದ್ರಾ? ಸ್ಟುಡಿಯೋದಲ್ಲಿ ಹನ್ನೊಂದು ನಿಮಿಷ ಆಗಿತ್ತು. ಇಲ್ಲಿ ಅರ್ಧ ನಿಮಿಷವೂ ಆಗಿಲ್ಲ."

"ಮ್ಯಾಜಿಕ್ ತೋರಿಸ್ತಿದ್ದಾರೆ," ಎಂದು ಟೈ ಮನುಷ್ಯ ನಗಲು ಹೋದ. ಭಾವ ಟಾರ್ಚನ್ನು ಅವನ ತಲೆಯ ಮೇಲೆ ಹಿಡಿದರು. ಇಪ್ಪತ್ತೈದರ ಆ ಚೆಲುವ ಒಂದೇ ಕ್ಷಣದಲ್ಲಿ ತನ್ನ ತಾತನಾದ. "ಅಯ್ಯಯ್ಯೋ!" ಎಂದಿತು ಜನ. ಅವನು ಪಕ್ಕದ ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಂಡು ಮೈಕು ಕೆಳಗಿಟ್ಟ. ಯಜಮಾನರು ಕುತೂಹಲ ತಡೆಯಲಾರದೆ ತಮ್ಮ ತಲೆಯನ್ನೂ ಬೆಳಕಿನ ಕೆಳಗೆ ಒಡ್ಡಿದರು. ಅದನ್ನು ನೋಡಿ ಅವರ ಹೆಂಡತಿ ಗಲ್ಲಾಪೆಟ್ಟಿಗೆಯ ಹತ್ತಿರದಿಂದ, "ಸಾಕು, ಈ ಕಡೆ ಬನ್ನಿ!" ಎಂದು ಗದರಿದರು. ಜನ ಗೊಳ್ಳೆಂದು ನಕ್ಕು, ನನಗೆ ಹಿಡೀರಿ, ನನಗೆ ಹಿಡೀರಿ ಎಂದು ನುಗ್ಗಿದರು. ಎಲ್ಲ ತಮಾಷೆಯಾಗಿ ಹೋಗುವುದರಲ್ಲಿತ್ತು.

ಆಗ ಟೈಲರಮ್ಮ ಮುಂದೆ ಬಂದು, ದೀಪದ ಕನ್ನಡಿಯ ಮುಂದೆ ನಿಂತು ಸೆರಗು ತೆಗೆದರು.

ನಗು ಅಲ್ಲಲ್ಲೇ ನಿಂತಿತು. ಎದುರಿನ ಬೆಳಕಿನಲ್ಲಿ ಅವರ ಕೆನ್ನೆ ಹಸಿ ಗಾಯದಂತೆ ಉರಿಯುತ್ತಿತ್ತು. ಅವರು ಭಾವನ ಕೈಯಿಂದ ಟಾರ್ಚ್ ತೆಗೆದುಕೊಂಡು ಟೈ ಮನುಷ್ಯನ ಕೈಗೆ ಕೊಟ್ಟರು.

"ತಗೊಳ್ಳಪ್ಪ. ಮೇಲಿಂದ ಹಿಡಿ, ಕೆಳಗಿಂದ ಹಿಡಿ. ಇದನ್ನ ಹೋಗಿಸೋ ಬೆಳಕು ಯಾವುದು, ತೋರಿಸು. ಸೋಮವಾರ ನನಗೆ ಸಂದರ್ಶನ ಇದೆ."

ಅವನು ಟಾರ್ಚ್ ಹಿಡಿದುಕೊಂಡೇ ನಿಂತ. ಉರಿಯುವ ಟಾರ್ಚ್ ನೆಲದ ಮೇಲೊಂದು ಚುಕ್ಕೆ ಬಿಟ್ಟಿತ್ತು. ಅವನು ಆ ಚುಕ್ಕೆಯನ್ನೇ ನೋಡುತ್ತಿದ್ದ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ. ಯಾರೂ ತಡೆಯಲಿಲ್ಲ.

ಟೈಲರಮ್ಮ ಸೋಮವಾರ ಆ ಮುಖ ಹೊತ್ತೇ ಸಂದರ್ಶನಕ್ಕೆ ಹೋದರು. ಅಲ್ಲಿ ಯಾರೂ ಮುಖದ ವಿಷಯ ಎತ್ತಲಿಲ್ಲವಂತೆ. ಒಂದು ತುಂಡು ಬಟ್ಟೆ ಕೊಟ್ಟು ಕಾಲರ್ ಹೊಲಿಯಲು ಹೇಳಿದರಂತೆ. ಹೊಲಿದರು, ಕೆಲಸ ಸಿಕ್ಕಿತು. ಕೆಂಪು ಎರಡು ವಾರಕ್ಕೆ ಇಳಿಯಿತು, ಬಂಗು ಹಾಗೇ ಇದೆ. ಅದು ಮುಂದಿನ ಮಾತು. ಅಂದು ಶನಿವಾರ, ಅಂಗಡಿಯ ಯಜಮಾನರು ಟೈಲರಮ್ಮನ ಮುಖವನ್ನು ಒಂದು ನಿಮಿಷ ನೋಡಿ, ಕುರ್ಚಿಯ ಮೇಲೆ ಹತ್ತಿ ನಿಂತು ಗಟ್ಟಿಯಾಗಿ ಹೇಳಿದರು. "ತಗೊಂಡವರೆಲ್ಲ ವಾಪಸ್ ತನ್ನಿ. ಒಡೆದಿದ್ರೂ ಪರವಾಗಿಲ್ಲ. ಸಾಲಾಗಿ ಬನ್ನಿ."

ಸಾಲು ಬಾಗಿಲು ದಾಟಿ ಬಸ್ ನಿಲ್ದಾಣದವರೆಗೆ ಹೋಯಿತು. ನಾನು ಹಿಂಬಾಗಿಲಿನಿಂದ ಮನೆಗೆ ಓಡಿ, ನನ್ನ ಎರಡು ಟ್ಯೂಬ್ ಜೇಬಿನಲ್ಲಿಟ್ಟುಕೊಂಡು ಬಂದು, ಆದಷ್ಟು ತಲೆ ತಗ್ಗಿಸಿ ಸಾಲಿನ ಕೊನೆಗೆ ಸೇರಿಕೊಂಡೆ. ಭಾವ ಅಷ್ಟರಲ್ಲಿ ಸಾಲಿನ ಉದ್ದಕ್ಕೂ ಓಡಾಡುತ್ತಾ ಟ್ಯೂಬ್‌ಗಳನ್ನು ಎಣಿಸುತ್ತಿದ್ದರು. ನನ್ನ ಹತ್ತಿರ ಬಂದಾಗ ಎಣಿಕೆ ತಪ್ಪಿತು.

"ನೀನೂನಾ?"

ನಾನು ಉತ್ತರ ಹುಡುಕುವ ಮುಂಚೆಯೇ ಅವರ ಕಣ್ಣು ನನ್ನನ್ನು ದಾಟಿ ಹಿಂದಕ್ಕೆ ಹೋಯಿತು. ಹೋದದ್ದು ಅಲ್ಲೇ ನಿಂತುಬಿಟ್ಟಿತು. ನಾನೂ ತಿರುಗಿ ನೋಡಿದೆ.

ನನ್ನ ಹಿಂದೆ ಅಕ್ಕ ನಿಂತಿದ್ದಳು. ಕೈಯಲ್ಲಿ ತಳದವರೆಗೆ ಹಿಂಡಿ ಮಡಚಿದ ಮೂರು ಟ್ಯೂಬ್, ಅರ್ಧ ಮುಗಿದದ್ದು ಒಂದು.

"ನೀನು?" ಭಾವನ ಕೈ ಎದೆಯ ಮೇಲೆ ಹೋಯಿತು. "ನಿನಗೆ ಹನ್ನೊಂದು ನಿಮಿಷದ ವಿಷಯ ಮೊದಲನೇ ದಿನವೇ ಗೊತ್ತಿತ್ತಲ್ಲೇ! ಎಲ್ಲರಿಗಿಂತ ಮುಂಚೆ ನಿನಗೇ ಹೇಳಿದ್ದೆ!"

"ಗೊತ್ತಿತ್ತು."

"ಮತ್ತೆ ಯಾಕೆ ಮುಖಕ್ಕೆ ಹಚ್ಚಿಕೊಂಡೆ?"

"ನನ್ನ ಮುಖಕ್ಕೆ ಯಾಕ್ರೀ ಹಚ್ಚಿಕೊಳ್ಳಲಿ?" ಅಂದಳು ಅಕ್ಕ. "ಹೆಂಡತಿ ಸರಿಯಾಗಿ ನೋಡಿಕೊಳ್ಳಲ್ಲ ಅಂತ ಬೀದಿಯೆಲ್ಲ ಮಾತಾಡ್ತಿದ್ರು. ಬೆಳಿಗ್ಗೆ ನೀವು ಏಳೋ ಮುಂಚೆ ನಿಮಗೇ ಹಚ್ತಿದ್ದೆ. ನೀವು ಗೊರಕೆ ಹೊಡೀತಿದ್ರಿ, ಗೊತ್ತಾಗ್ತಿರಲಿಲ್ಲ."

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅರ್ಧ ಗಂಟೆಯ ಹಿಂದೆ ಇದೇ ಜನರೆದುರು ಈ ಕ್ರೀಮನ್ನು ಒಂದು ದಿನವೂ ಹಚ್ಚಿಲ್ಲವೆಂದು ಕೂಗಿದ ಮನುಷ್ಯ ತನ್ನ ಕೆನ್ನೆಯನ್ನು ತಾನೇ ಮುಟ್ಟಿ ನೋಡಿಕೊಂಡ. ನಾನು ಹೆದರಿದೆ. ಆದರೆ ಅವರು ಅಂಕಿಯ ಮನುಷ್ಯ, ಗಾಬರಿಯ ನಡುವೆಯೂ ಮೊದಲು ಕೇಳಿದ್ದು ಅದನ್ನೇ.

"ಎಷ್ಟು ದಿನ?"

"ಇವತ್ತಿಗೆ ಇಪ್ಪತ್ತಾರು. ಒಂದು ದಿನವೂ ತಪ್ಪಿಸಿಲ್ಲ."

ಭಾವ ತಿರುಗಿ ಅಂಗಡಿಯೊಳಗೆ ನಡೆದರು. ಯಜಮಾನರ ಕುರ್ಚಿಯ ಮೇಲೆ ತಾವೂ ಹತ್ತಿದರು.

"ಕೇಳಿ! ನಾನು ಆಗ ಹೇಳಿದ್ದು ತಪ್ಪು. ತಿದ್ದುಪಡಿ ಇದೆ. ಹಚ್ಚಿಲ್ಲ ಅಂದಿದ್ದೆ, ಹಚ್ಚಿದ್ದೇನಂತೆ. ಇಪ್ಪತ್ತಾರು ದಿನ, ದಿನಕ್ಕೊಂದು ಸಲ, ಸುಮಾರು ಮೂರೂವರೆ ಟ್ಯೂಬು." ಎಲ್ಲ ದಿಕ್ಕಿಗೂ ನಿಧಾನವಾಗಿ ಮುಖ ತಿರುಗಿಸಿದರು. ಅದೇ ಕಂದಿದ ಕೆನ್ನೆ. ಹಣೆಯಲ್ಲಿ ಅವೇ ಮೂರು ಗೆರೆ. "ಯಾವ ದೀಪವೂ ಇಲ್ಲ. ಚೆನ್ನಾಗಿ ನೋಡಿಕೊಳ್ಳಿ."

ಜನ ನೋಡಿದರು. ಇಡೀ ಊರಿನಲ್ಲಿ ಆ ಕ್ರೀಮನ್ನು ಒಂದು ದಿನವೂ ಬಿಡದೆ ಹಚ್ಚಿಸಿಕೊಂಡ ಮನುಷ್ಯ ಅವರೊಬ್ಬರೇ ಎಂಬುದು ಮೆಲ್ಲಗೆ ಎಲ್ಲರ ತಲೆಗೂ ಹೋಯಿತು. ಸಾಲಿನಿಂದ ಹೊರಗೆ ನಿಂತು ಯೋಚಿಸುತ್ತಿದ್ದವರೂ ಸಾಲಿಗೆ ಸೇರಿಕೊಂಡರು. ಯಜಮಾನರು ಪೋಸ್ಟರಿನ ಮೇಲಿನ ಎರಡು ಮೊಳೆ ಕಿತ್ತರು, ಅದು ಮುಂದಕ್ಕೆ ಬಾಗಿ ಎರಡೂ ಮುಖ ನೆಲ ನೋಡಿದವು.

ಭಾವ ಬೆವರು ಒರೆಸಿಕೊಳ್ಳುತ್ತಾ ಕುರ್ಚಿಯಿಂದ ಇಳಿದರು. ಅಕ್ಕ ಮೂರು ಖಾಲಿ ಟ್ಯೂಬ್‌ಗಳನ್ನು ಮೇಜಿನ ಮೇಲಿಟ್ಟಳು. ನಾಲ್ಕನೆಯದನ್ನು ಕೊಡಲು ಯಜಮಾನರು ಕೈ ಚಾಚಿದರು. ಅಕ್ಕ ಕೊಡಲಿಲ್ಲ. ಅದನ್ನು ಸೆರಗಿನೊಳಗೆ ಸರಿಸಿಕೊಂಡು, ಗಂಡನ ಹತ್ತಿರ ಬಂದು, ಮೆಲ್ಲಗೆ ಅಂದಳು.

"ಇಪ್ಪತ್ತೆಂಟಕ್ಕೆ ಇನ್ನೂ ಎರಡು ದಿನ ಇದೆಯಲ್ಲಾ, ರೀ?"